ಆ ಕೆಂಪು ಪಟ್ಟೆ ನೆರೆ ತಂದ ಜೇಡಿಯಾ?

ಸುರೇಶ: (ಫೋಟೋ: ಕಡಿದ ಮಣ್ಣಿನ ಗೋಡೆ, ನಡುವೆ ಕೆಂಪು ಪಟ್ಟೆ) ನೋಡ್ರಪ್ಪಾ, ಪ್ರಳಯದ ಗುರುತು! ಅಷ್ಟೂ ಜೇಡಿ ಒಂದೇ ನೆರೆಯಲ್ಲಿ ಬಂದು ಕೂತಿದ್ದಂತೆ.

ಮಾಲಿನಿ: ಯಾರೋ ಕಳಿಸಿದ್ದನ್ನು ಹಾಗೇ ಇಲ್ಲಿಗೆ ತಳ್ಳಿದ್ದೀಯ, ಅಲ್ವಾ? ಪಟ್ಟೆಯ ಕೆಳಗಿನ ಅಂಚು ನೋಡು. ಮೆಲ್ಲಗೆ ಮಾಸಿಹೋಗಿದೆ. ನೆರೆ ತಂದದ್ದಾದರೆ ಸಾಮಾನ್ಯವಾಗಿ ಅಲ್ಲಿ ಗೆರೆ ಎಳೆದ ಹಾಗಿರುತ್ತದೆ. ಇದು ಹೂತುಹೋದ ಹಳೇ ನೆಲ.

ಸುರೇಶ: ನೆಲ ಅಂದರೆ ಮೇಲೂ ಜೇಡಿ ಇರಬೇಕಲ್ಲ? ಎಲ್ಲ ನಡುವೆ ಹೇಗೆ ಸೇರಿತು?

ಮಾಲಿನಿ: ಇಳಿದು ಬಂತು ಕಣೋ. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದು. ಮಳೆ ನೀರಲ್ಲಿ ತೇಲಿಕೊಂಡು, ಬೇರಿನ ತೂತು, ಬಿರುಕು ಹಿಡಿದು ಇಳಿಯುತ್ತದೆ. ಕೆಳಗಿನ ಒಣ ಮಣ್ಣು ನೀರು ಹೀರಿಕೊಂಡರೆ ಜೇಡಿ ತೂತಿನ ಗೋಡೆಗೆ ಅಂಟಿ ಉಳಿಯುತ್ತದೆ.

ರಮೇಶ: ಅಲ್ಲೇ ಕಲ್ಲು ಶಿಥಿಲವಾಗಿ ಜೇಡಿ ಆಗಿರಬಾರದಾ?

ಮಾಲಿನಿ: ಅದೂ ಇರುತ್ತದೆ, ಒಪ್ಪಿದೆ. ಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಅನ್ನೋ ಖನಿಜದಿಂದ ಕೆಯೊಲಿನೈಟ್ ಅನ್ನೋ ಜೇಡಿ ಆಗುವುದು ಹಾಗೇ. ಯಾವುದು ಎಷ್ಟು ಅಂತ ತಿಳಿಯಲು ಹೆಂಟೆಗೆ ರಾಳ ಕುಡಿಸಿ, ಗಟ್ಟಿ ಮಾಡಿ, ಚೂರನ್ನು ಗಾಜಿಗೆ ಅಂಟಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇಳಿದು ಬಂದ ಜೇಡಿ ತೂತಿನ ಒಳಗೆ ಪದರ ಪದರವಾಗಿ, ಜೇನಿನ ಬಣ್ಣದಲ್ಲಿ ಕೂತಿರುತ್ತದೆ. ಧ್ರುವೀಕರಿಸಿದ ಬೆಳಕಲ್ಲಿ, ಅಂದರೆ ಒಂದೇ ದಿಕ್ಕಲ್ಲಿ ಕಂಪಿಸುವ ಬೆಳಕಲ್ಲಿ, ಆ ಗಾಜು ತಿರುಗಿಸಿದರೆ ಅದರ ಮೇಲೆ ಒಂದು ಕಪ್ಪು ಪಟ್ಟಿ ಸರಿದುಹೋಗುತ್ತದೆ. ಮೊದಲ ಸಲ ನೋಡಿದಾಗ ನಾನು ಅರ್ಧ ಗಂಟೆ ಸುಮ್ನೆ ತಿರುಗಿಸುತ್ತಲೇ ಕೂತಿದ್ದೆ.

ಸುರೇಶ: ಹಾಗಾದರೆ ಆ ಪಟ್ಟೆಯೊಳಗೆ ಬಿಳಿ ಸುಣ್ಣದ ಗೆರೆ ಯಾಕಿದೆ? ಸುಣ್ಣ ಇದ್ದರೆ ಜೇಡಿ ಅಲುಗಾಡುವುದಿಲ್ಲ ಅಂತ ಹಿಂದೆ ನೀನೇ ಹೇಳಿದ್ದೆ!

ಮಾಲಿನಿ: ಒಳ್ಳೇ ಕಡೆ ಸಿಕ್ಕಿಸಿದೆ. ಹೌದು, ಸುಣ್ಣದ ಕ್ಯಾಲ್ಸಿಯಂ ಕಣಗಳನ್ನು ಗುಂಪುಗಟ್ಟಿಸುತ್ತದೆ. ಅದು ತೊಳೆದುಹೋಗುವ ತನಕ ಜೇಡಿ ಅಷ್ಟಾಗಿ ಇಳಿಯುವುದಿಲ್ಲ. ಅಂದಮೇಲೆ ಈ ಬಿಳಿ ಆಮೇಲೆ ಬಂದದ್ದಿರಬೇಕು. ನೆಲ ಹೂತ ಮೇಲೆ ಅದರ ಮೇಲಿನ ಹೊಸ ಮಣ್ಣಿನ ಸುಣ್ಣ ಕರಗಿ ಇಳಿದಿದೆ. ಜೇಡಿ ಲೇಪದ ಮೇಲೆ ಸುಣ್ಣ ಕೂತಿದ್ದರೆ ನನ್ನ ಮಾತು ಸರಿ.

ರಮೇಶ: ಸುಣ್ಣ ಅಡಿಯಲ್ಲಿದ್ದರೆ?

ಮಾಲಿನಿ: ಆಗ ನಾನು ಮತ್ತೆ ಯೋಚಿಸಬೇಕು. ಫೋಟೋ ಎಷ್ಟು ದೊಡ್ಡದು ಮಾಡಿದರೂ ಅದು ಕಾಣುವುದಿಲ್ಲ. ಆದರೆ ಪ್ರಳಯ ಅಂತೂ ಬೇಡ. ಚೀನಾದ ಲೋಯೆಸ್ ಪ್ರಸ್ಥಭೂಮಿಯಲ್ಲಿ ಗಾಳಿ ತಂದ ಧೂಳು ಸುಮಾರು 26 ಲಕ್ಷ ವರ್ಷದಿಂದ ಕೂರುತ್ತಾ ಬಂದಿದೆ. ನಡುನಡುವೆ ಇಂಥ ಹಳೇ ನೆಲಗಳು ಹತ್ತಾರು. ಅಷ್ಟೂ ಸಲ ಪ್ರಳಯ ಆಯ್ತಾ?

ಸುರೇಶ: ಸರಿ ಮಾರಾಯ್ತಿ, ಪ್ರಳಯ ಅಳಿಸುತ್ತೇನೆ. ಫೋಟೋ ಇರಲಿ, ಸುಣ್ಣದ ಜಗಳ ಇನ್ನೂ ಮುಗಿದಿಲ್ಲ.