‘ಎಥ್ನಿಕ್ ಗ್ರೂಪ್’ಗೆ ‘ಜನಾಂಗ’ ಸರಿಹೋಗುತ್ತದೆಯೇ? (ಬಸುರಿಯರ ಶುಗರ್ ಕುರಿತ ಬರಹಕ್ಕೆ)

ಗೆಳೆಯರೆ,

ಗದಗ ಸುತ್ತಲಿನ ಹಳ್ಳಿಗಳಲ್ಲಿ ಓದಿ ಹೇಳಲು ಬಸುರಿಯರ ಸಕ್ಕರೆ ಕಾಯಿಲೆ ಬಗ್ಗೆ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ‘ಎಥ್ನಿಕ್ ಗ್ರೂಪ್’ (ಒಂದೇ ನಾಡಿನ ಮೂಲದಿಂದ ಬಂದ ಜನರ ಗುಂಪು) ಅನ್ನುವಲ್ಲಿಗೆ ಬಂದು ನಿಂತಿದ್ದೇನೆ. ನಿಮ್ಮ ಸಲಹೆ ಬೇಕು.

ನಿಘಂಟಿನ ಪದ ‘ಜನಾಂಗ’. ‘ಕೆಲವು ಜನಾಂಗದ ಹೆಂಗಸರಲ್ಲಿ ಇದು ಜಾಸ್ತಿ’ ಎಂಬ ಸಾಲನ್ನು ಒಬ್ಬ ಆಶಾ ಕಾರ್ಯಕರ್ತೆಗೆ ಓದಿ ಹೇಳಿದೆ. ಅವರು ಕೂಡಲೇ, ‘ಯಾವ ಮಂದ್ಯಾಗ್ರಿ? ನಮ್ಮವರೊಳಗೇನ್ರಿ?’ ಅಂದರು. ಅವರು ಕೇಳಿದ್ದು ಜಾತಿಯನ್ನು. ನಮ್ಮ ಕಡೆ ಜನಾಂಗ ಅಂದರೆ ಜಾತಿಯೇ ಅಲ್ವಾ? ಚುನಾವಣೆ ಸುದ್ದಿಯಲ್ಲಿ, ವಧು-ವರರ ಜಾಹೀರಾತಿನಲ್ಲಿ ಎಲ್ಲ ಕಡೆ ಅದೇ ಅರ್ಥ.

ಹೇಳಬೇಕಾದ ಸಂಗತಿಯೇ ಬೇರೆ. ಬ್ರಿಟನ್, ಅಮೆರಿಕದಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಕಡೆಯಿಂದ ಹೋದ ಹೆಂಗಸರಿಗೆ ಅಲ್ಲಿನ ಬಿಳಿಯರಿಗಿಂತ ಬಸುರಿನಲ್ಲಿ ಶುಗರ್ ಬರುವುದು ಜಾಸ್ತಿ. ತೆಳ್ಳಗಿದ್ದರೂ ಬರುತ್ತದೆ. ಅದಕ್ಕೇ ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ (ಬಿಎಂಐ) ಬಿಳಿಯರಿಗೆ 25ರ ಗೆರೆ ಇದ್ದರೆ, ನಮ್ಮಂಥವರಿಗೆ 23ಕ್ಕೇ ಎಚ್ಚರಿಕೆ. ಆ ಲೆಕ್ಕದಲ್ಲಿ ಗದಗಿನ ಯಾವ ಓಣಿಯ ಯಾವ ಮನೆಯ ಹೆಣ್ಣುಮಗಳಾದರೂ ಒಂದೇ ಗುಂಪಿಗೆ ಸೇರಿದವಳು. ‘ಜನಾಂಗ’ ಅಂದ ಕೂಡಲೇ ಪ್ರತಿಯೊಬ್ಬಳೂ ‘ಅದು ಬೇರೆಯವರಿಗೆ’ ಅಂದುಕೊಂಡು ತಪಾಸಣೆಗೆ ರಕ್ತ ಕೊಡದೆ ಉಳಿದುಬಿಡಬಹುದು. ನನಗೆ ಇದೇ ಭಯ.

‘ಬುಡಕಟ್ಟು’ ಅಂದರೆ ಜನರ ಮನಸ್ಸು ಕಾಡಿನ ಕಡೆ ಹೋಗುತ್ತದೆ. ‘ವಂಶ’ ಇನ್ನೂ ತೊಡಕು. ತಾಯಿ-ತಂದೆಗೆ ಶುಗರ್ ಇದ್ದರೆ ಅದೇ ಬೇರೊಂದು ಅಪಾಯ, ಪುಸ್ತಿಕೆಯಲ್ಲಿ ಅದಕ್ಕೂ ಜಾಗ ಇದೆ. ಎರಡೂ ಬೆರೆತುಹೋಗುತ್ತವೆ. ಸದ್ಯಕ್ಕೆ ನನಗೆ ಹಿಡಿಸಿರುವುದು ‘ಮೂಲ’. ‘ಭಾರತ ಮೂಲದವರು’ ಅನ್ನುವುದು ಪೇಪರ್ ಓದುವ ಎಲ್ಲರಿಗೂ ಗೊತ್ತು. ಆದರೆ ‘ಬೇರೆ ಬೇರೆ ಎಥ್ನಿಕ್ ಗ್ರೂಪ್‌ಗಳಲ್ಲಿ’ ಅನ್ನಲು ‘ಬೇರೆ ಬೇರೆ ಮೂಲದವರಲ್ಲಿ’ ಅಂದರೆ ಸಾಕಾಗುತ್ತದೆಯೇ?

ವಯಸ್ಸಿನದೂ ಒಂದು ಮಾತಿದೆ. 35 ದಾಟಿ ಮೊದಲ ಸಲ ಬಸುರಾದವರನ್ನು ಡಾಕ್ಟರುಗಳು ‘ಎಲ್ಡರ್ಲಿ ಪ್ರೈಮಿ’ ಅನ್ನುತ್ತಾರೆ. ‘ವಯಸ್ಸಾದ ಚೊಚ್ಚಲ ಬಸುರಿ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಎಷ್ಟೋ ವರ್ಷ ಕಾದು ಬಸುರಾದವಳಿಗೆ ಆ ಮಾತು ಚುಚ್ಚುತ್ತದೆ. ಮೇಲಾಗಿ ಅಪಾಯ 35ಕ್ಕೆ ದಿಢೀರನೆ ಶುರುವಾಗುವುದಿಲ್ಲ. ವಯಸ್ಸು ಏರಿದಂತೆ ಏರುತ್ತದೆ, ನಮ್ಮವರಲ್ಲಿ ಇಪ್ಪತ್ತರ ಹರೆಯದಲ್ಲೂ ಕಾಣುತ್ತದೆ. ಹಾಗಾಗಿ ‘ವಯಸ್ಸು ಏರಿದಂತೆ’ ಎಂದಷ್ಟೇ ಬರೆದಿದ್ದೇನೆ.

ಕಾಯಿಲೆಯ ಹೆಸರಿಗೆ ‘ಸಕ್ರಿ ಬ್ಯಾನಿ’ ಬಿಟ್ಟೆ. ಬಸುರಿಯ ಮುಂದೆ ಬ್ಯಾನಿ ಅಂದರೆ ಹೆರಿಗೆ ನೋವೇ. ಜನ ಆಡುವ ‘ಶುಗರ್’ ಪದವನ್ನೇ ಇಟ್ಟುಕೊಂಡು ಎರಡು ಮಾಡಿದ್ದೇನೆ: ‘ಮೊದಲೇ ಇದ್ದ ಶುಗರ್’ ಮತ್ತು ‘ಬಸುರಿನಲ್ಲಿ ಬಂದ ಶುಗರ್’. ಎರಡನೆಯದು ಮಾಸಿನ (ಪ್ಲಾಸೆಂಟಾ) ಹಾರ್ಮೋನುಗಳು ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುವುದರಿಂದ ಬರುವಂಥದ್ದು. ಹೆರಿಗೆ ಆದ ಮೇಲೆ ಹೆಚ್ಚಿನವರಲ್ಲಿ ಇಳಿಯುತ್ತದೆ. ಆದರೂ ಮುಂದೆ ಕಾಯಂ ಶುಗರ್ ಆಗುವ ಅಪಾಯ ಇದೆ, ಅದಕ್ಕೇ 6 ವಾರಕ್ಕೆ ಮತ್ತೆ ತಪಾಸಣೆ ಮಾಡಿಸಬೇಕು.

ತಪಾಸಣೆಯ ಹೊತ್ತು ಹೇಳಲು ಪದ ಹುಡುಕಬೇಕಾಗಲಿಲ್ಲ. ಬಸುರಿನಲ್ಲಿ ಮೊದಲ ಸಲ ಆಸ್ಪತ್ರೆಗೆ ಹೋದಾಗಲೇ ಒಮ್ಮೆ, ಆಮೇಲೆ 24ರಿಂದ 28 ವಾರದೊಳಗೆ ಇನ್ನೊಮ್ಮೆ. ವಾರದ ಲೆಕ್ಕ ಯಾರಿಗೂ ತಲೆಗೆ ಹತ್ತುವುದಿಲ್ಲ, ‘ಏಳು ತಿಂಗಳ ಕುಬಸದ ಮುಂಚೆ’ ಅಂದರೆ ಮುಗಿಯಿತು. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ, ಎರಡು ತಾಸಿನ ಮೇಲೆ ರಕ್ತ ತೆಗೆಯುತ್ತಾರೆ. 140 ಅಥವಾ ಮೇಲೆ ಬಂದರೆ ಶುಗರ್.

ಹಾವೇರಿ, ಧಾರವಾಡ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ‘ಜನಾಂಗ’ ಅಂದರೆ ಜಾತಿ ಬಿಟ್ಟು ಬೇರೆ ಅರ್ಥ ಕೇಳಿದ್ದೀರಾ? ‘ಮೂಲ’ಕ್ಕಿಂತ ಒಳ್ಳೆಯ ಆಡುಮಾತು ಇದ್ದರೆ ಪುಸ್ತಿಕೆ ಅಚ್ಚಿಗೆ ಹೋಗುವ ಮೊದಲೇ ಬದಲಿಸುತ್ತೇನೆ.