ಊರಿಗೆಲ್ಲ ಗೊತ್ತು, ಕಡತಕ್ಕೆ ಮಾತ್ರ ಗುಟ್ಟು

ಸೋರಿಹೋದ ಸರ್ಕಾರಿ ರಹಸ್ಯಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸದಂತೆ ತಡೆಯಲು ಸಾಧ್ಯವೇ ಎಂಬ ಪ್ರಶ್ನೆಯನ್ನು ನಮ್ಮ ಹರಟೆಗೆ ತಂದವರು ರಾಯರು. ಇಡೀ ಸೇವಾವಧಿಯನ್ನು ಕಡತಗಳ ನಡುವೆಯೇ ಕಳೆದು ನಿವೃತ್ತರಾದ ಅವರು, ‘ರಹಸ್ಯ’ ಎಂಬ ಮೊಹರು ಬಿದ್ದ ಕಾಗದವನ್ನು ಕಂಡರೆ ಇಂದಿಗೂ ದನಿ ತಗ್ಗಿಸುತ್ತಾರೆ.

“ಮುಚ್ಚಿಸಿಬಿಟ್ಟರಾಯಿತು. ಸರ್ಕಾರಕ್ಕೆ ಅಷ್ಟೂ ಕೈಲಾಗುವುದಿಲ್ಲವೇ?” ಎಂದರು ರಾಯರು.

“ಪ್ರಯತ್ನಕ್ಕೇನೂ ಕಡಿಮೆಯಿಲ್ಲ” ಎಂದರು ವಕೀಲರು. “2010ರ ನವೆಂಬರ್ ಕೊನೆಯಲ್ಲಿ, ಸೋರಿಬಂದ ಕಡತಗಳನ್ನು ಜಾಲತಾಣದಲ್ಲಿ ಪ್ರಕಟಿಸುವ ವಿಕಿಲೀಕ್ಸ್ ಸಂಸ್ಥೆಯು ಅಮೆರಿಕದ ರಾಯಭಾರ ಕಚೇರಿಗಳ ಸುಮಾರು ಎರಡೂವರೆ ಲಕ್ಷ ಸಂದೇಶಗಳ ಕಂತೆಯನ್ನು ಬಿಚ್ಚತೊಡಗಿದಾಗ, ವಾರ ಕಳೆಯುವುದರೊಳಗೆ ಶ್ವೇತಭವನದ ಆಯವ್ಯಯ ಕಚೇರಿ ಸುತ್ತೋಲೆ ಹೊರಡಿಸಿತು. ಪತ್ರಿಕೆಯಲ್ಲಿ ಬಂದರೂ ಜಾಲತಾಣದಲ್ಲಿ ಬಂದರೂ ರಹಸ್ಯವು ರಹಸ್ಯವೇ. ಅನುಮತಿ ಇಲ್ಲದ ಸರ್ಕಾರಿ ನೌಕರರು ಕಚೇರಿಯ ಸಾಮಾನ್ಯ ಕಂಪ್ಯೂಟರಿನಲ್ಲಿ ಅದನ್ನು ತೆರೆಯತಕ್ಕದ್ದಲ್ಲ ಎಂಬುದು ಅದರ ಸಾರಾಂಶ.”

“ಹಾಗಾದರೆ ಶತ್ರುದೇಶದ ಗೂಢಚಾರ ಕಾಲಮೇಲೆ ಕಾಲು ಹಾಕಿಕೊಂಡು ಓದಬಹುದು, ಅದನ್ನು ಬರೆದ ಸರ್ಕಾರದ ಗುಮಾಸ್ತ ಮಾತ್ರ ಕಣ್ಣು ಮುಚ್ಚಿಕೊಳ್ಳಬೇಕು” ಎಂದರು ಮೇಷ್ಟ್ರು. ಅಮೆರಿಕದ ವಾಯುಪಡೆ ತನ್ನ ಕಂಪ್ಯೂಟರುಗಳಲ್ಲಿ ನ್ಯೂಯಾರ್ಕ್ ಟೈಮ್ಸ್, ಗಾರ್ಡಿಯನ್ ಮೊದಲಾದ ಇಪ್ಪತ್ತೈದಕ್ಕೂ ಹೆಚ್ಚು ತಾಣಗಳನ್ನು ತಡೆಹಿಡಿದಿತ್ತೆಂದೂ, ಅಲ್ಲಿನ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ತನ್ನ ಓದುಗರಿಗೆ ವಿಕಿಲೀಕ್ಸ್ ಸಿಗದಂತೆ ಮಾಡಿತ್ತೆಂದೂ ವಕೀಲರು ಸೇರಿಸಿದಾಗ ಮೇಷ್ಟ್ರ ಉತ್ಸಾಹ ಇಮ್ಮಡಿಸಿತು. ಓದಬೇಡಿರೆಂದು ಹೇಳುವ ಗ್ರಂಥಾಲಯವನ್ನು ತಾವು ಜೀವಮಾನದಲ್ಲಿ ಕಲ್ಪಿಸಿಕೊಂಡಿರಲಿಲ್ಲ ಎಂದರು.

ರಾಯರು ಜಗ್ಗಲಿಲ್ಲ. “ನಗುವುದು ಸುಲಭ, ಮೇಷ್ಟ್ರೇ. ಮೊಹರು ಒತ್ತಿದ ಅಧಿಕಾರಿಯೇ ಅದನ್ನು ರದ್ದುಪಡಿಸಬೇಕು. ಕದ್ದವನು ಬೀದಿಗೆ ಚೆಲ್ಲಿದ ಮಾತ್ರಕ್ಕೆ ಕಾಗದ ಬಹಿರಂಗವಾಯಿತೆಂದು ಒಪ್ಪಿಕೊಂಡರೆ, ಕಳ್ಳನಿಗೇ ಆ ಅಧಿಕಾರ ಕೊಟ್ಟಂತಾಗುವುದಿಲ್ಲವೇ?”

ತರ್ಕವೇನೋ ಗಟ್ಟಿಯಾಗಿಯೇ ಇತ್ತು. ಕಚೇರಿಯ ತರ್ಕಗಳು ಒಳಗಿನಿಂದ ನೋಡಿದಾಗ ಯಾವಾಗಲೂ ಗಟ್ಟಿಯಾಗಿಯೇ ಇರುತ್ತವೆ. ಆದರೆ ಆ ತರ್ಕವನ್ನು ಕೊನೆಯವರೆಗೆ ಎಳೆದರೆ ಏನಾಗುತ್ತದೆಂಬುದಕ್ಕೆ ವಕೀಲರ ಬಳಿ ಉದಾಹರಣೆ ಸಿದ್ಧವಾಗಿತ್ತು. 2011ರಲ್ಲಿ, ಅಮೆರಿಕ ಕ್ಯೂಬಾದಲ್ಲಿ ಇಟ್ಟುಕೊಂಡಿರುವ ಗ್ವಾಂಟಾನಮೊ ಸೆರೆಮನೆಯ ಬಂದಿಗಳ ಕಡತಗಳು ಹೊರಬಿದ್ದು ಲೋಕವೆಲ್ಲ ಓದುತ್ತಿದ್ದಾಗ, ಆ ಬಂದಿಗಳ ಪರ ವಾದಿಸುವ ವಕೀಲರಿಗೇ ಅವು ನಿಷಿದ್ಧವಾಗಿದ್ದವು. ಆಮೇಲೆ ಸರ್ಕಾರ ಕರುಣೆ ತೋರಿ, ಸ್ವಂತ ಕಂಪ್ಯೂಟರಿನಲ್ಲಿ ನೋಡಬಹುದು, ಆದರೆ ಇಳಿಸಿಕೊಳ್ಳಬಾರದು, ಮುದ್ರಿಸಬಾರದು, ಇತರರಿಗೆ ಹಂಚಬಾರದು ಎಂದು ಅಪ್ಪಣೆ ಕೊಡಿಸಿತು.

“ಕಕ್ಷಿದಾರನ ಮೇಲಿನ ಆರೋಪವನ್ನು ಕದ್ದು ನೋಡಬೇಕಾದ ಸ್ಥಿತಿ ನನಗೆ ಬಂದಿದ್ದರೆ ಕರಿಕೋಟನ್ನು ಕಳಚಿಡುತ್ತಿದ್ದೆ” ಎಂದರು ವಕೀಲರು.

“ಇಷ್ಟೆಲ್ಲ ಏಕೆ? ನ್ಯಾಯಾಲಯಕ್ಕೆ ಹೋಗಿ ಪ್ರಕಟಣೆಗೇ ತಡೆಯಾಜ್ಞೆ ತರಬಹುದಿತ್ತಲ್ಲ” ಎಂದು ನಾನು ಕೇಳಿದೆ.

“1971ರಲ್ಲಿ ಹೋಗಿ ಕೈಸುಟ್ಟುಕೊಂಡಿದ್ದಾರೆ. ವಿಯೆಟ್ನಾಂ ಯುದ್ಧದ ಕುರಿತಾದ ಪೆಂಟಗಾನ್ ಕಡತಗಳನ್ನು ಪತ್ರಿಕೆಗಳು ಪ್ರಕಟಿಸದಂತೆ ತಡೆಯಲು ಸರ್ಕಾರ ಕೇಳಿದಾಗ, ಅಲ್ಲಿನ ಸುಪ್ರೀಂ ಕೋರ್ಟ್ ಆರಕ್ಕೆ ಮೂರರ ಬಹುಮತದಿಂದ ನಿರಾಕರಿಸಿತು. ಆದ್ದರಿಂದ 2010ರಲ್ಲಿ ಕೆಲಸ ಬೇರೆ ದಾರಿಯಿಂದ ನಡೆಯಿತು. ಸೆನೆಟರ್ ಜೋ ಲೀಬರ್‌ಮನ್ ಅವರ ಕಚೇರಿಯವರು, ವಿಕಿಲೀಕ್ಸ್ ತಾಣಕ್ಕೆ ತನ್ನ ಕಂಪ್ಯೂಟರುಗಳಲ್ಲಿ ಜಾಗ ಕೊಟ್ಟಿದ್ದ ಅಮೆಜಾನ್ ಕಂಪನಿಯನ್ನು ವಿಚಾರಿಸಿದರು. ಅಮೆಜಾನ್ ತನ್ನ ಸರ್ವರುಗಳಿಂದ ವಿಕಿಲೀಕ್ಸನ್ನು ಹೊರಹಾಕಿತು. ಸರ್ಕಾರದ ವಿಚಾರಣೆಗಾಗಿ ಅಲ್ಲ, ನಮ್ಮ ಷರತ್ತುಗಳ ಉಲ್ಲಂಘನೆಗಾಗಿ ಎಂದು ಕಂಪನಿ ಹೇಳಿಕೆ ಕೊಟ್ಟಿತೆನ್ನಿ. ಬೆನ್ನಲ್ಲೇ ತಾಣದ ವಿಳಾಸ ನಿಂತುಹೋಯಿತು, ಪೇಪಾಲ್, ವೀಸಾ, ಮಾಸ್ಟರ್‌ಕಾರ್ಡ್‌ಗಳು ದೇಣಿಗೆಯ ದಾರಿಯನ್ನು ಮುಚ್ಚಿದವು.”

ಇಲ್ಲಿ ಮಾತ್ರ ಮೇಷ್ಟ್ರು ನಗಲಿಲ್ಲ. ನನಗೂ ಈ ಭಾಗದಲ್ಲಿ ತಮಾಷೆ ಕಾಣಿಸುವುದಿಲ್ಲ. ನೌಕರರ ಕಣ್ಣಿಗೆ ಬಟ್ಟೆ ಕಟ್ಟುವ ಸುತ್ತೋಲೆಯಿಂದ ಯಾರಿಗೂ ದೊಡ್ಡ ಹಾನಿಯಿಲ್ಲ. ಆದರೆ ಸುತ್ತೋಲೆಯನ್ನು ಓದಿ ಆಕ್ಷೇಪಿಸಬಹುದು, ತೀರ್ಪಿನ ಮೇಲೆ ಮೇಲ್ಮನವಿ ಹಾಕಬಹುದು, ಕಂಪನಿಗೆ ಬಂದ ಒಂದು ವಿಚಾರಣೆಯ ಕರೆಯ ಮೇಲೆ ಯಾವ ಮೇಲ್ಮನವಿಯನ್ನು ಎಲ್ಲಿ ಹಾಕುವುದು?

“ಅಷ್ಟು ಮಾಡಿದ ಮೇಲಾದರೂ ನಿಂತಿತೇ?” ಎಂದು ರಾಯರು ಆಸೆಯಿಂದ ಕೇಳಿದರು.

“ನಿಲ್ಲುವುದೆಲ್ಲಿಂದ ಬಂತು? ಕೆಲವೇ ದಿನಗಳಲ್ಲಿ ಅದೇ ತಾಣದ ನೂರಾರು ಪ್ರತಿಗಳು ಬೇರೆಬೇರೆ ಕಡೆ ಎದ್ದವು.”

“ಆ ಪ್ರತಿಗಳಲ್ಲಿ ಮಾಹಿತಿ ಕೊಟ್ಟ ಬಡಪಾಯಿಗಳ ಹೆಸರುಗಳೂ ಇದ್ದುವಲ್ಲ, ಅದನ್ನೇಕೆ ಹೇಳುವುದಿಲ್ಲ?” ಎಂದು ರಾಯರು ದನಿ ಏರಿಸಿದರು. ಅವರ ಕೋಪ ನ್ಯಾಯವಾದದ್ದೇ. ಮೊದಮೊದಲು ಅಪಾಯಕ್ಕೆ ಸಿಲುಕಬಹುದಾದವರ ಹೆಸರುಗಳನ್ನು ಅಳಿಸಿ ಪ್ರಕಟಿಸುತ್ತಿದ್ದುದುಂಟು. 2011ರ ಸೆಪ್ಟೆಂಬರಿನಲ್ಲಿ ಇಡೀ ಕಂತೆ ಹಾಗೆಯೇ ಹೊರಬಂದಾಗ, ಜೊತೆಗೂಡಿ ಪ್ರಕಟಿಸಿದ್ದ ಪತ್ರಿಕೆಗಳೇ ಅದನ್ನು ಖಂಡಿಸಿದವು. ವಕೀಲರು ಇದನ್ನು ಒಪ್ಪಿಕೊಂಡರಾದರೂ, ಹಾಗೆ ಉಳಿಸಬೇಕಾದ ಹೆಸರಿಗೂ ಊಟದ ಮೇಜಿನಲ್ಲಿ ಮಂತ್ರಿಯೊಬ್ಬರು ಆಡಿದ ಚಾಡಿಮಾತಿಗೂ ಒಂದೇ ಮೊಹರು ಒತ್ತಿದರೆ ಕಾಯುವವನಿಗೇ ತಲೆಕೆಡುತ್ತದೆ ಎಂದರು.

ರಾಯರನ್ನು ಸಮಾಧಾನಪಡಿಸಲೆಂದೋ ಏನೋ, ವಕೀಲರು ಇನ್ನೊಂದು ಪ್ರಕರಣ ಹೇಳಿದರು. ಅಮೆರಿಕದ ನಾಗರಿಕ ಹಕ್ಕುಗಳ ಸಂಘವೊಂದು, ಆಗಲೇ ವಿಕಿಲೀಕ್ಸಿನಲ್ಲಿ ಎಲ್ಲರೂ ಓದಿದ್ದ 23 ಸಂದೇಶಗಳನ್ನು ಮಾಹಿತಿ ಹಕ್ಕಿನ ಕಾನೂನಿನಡಿ ವಿಧಿವತ್ತಾಗಿ ಕೇಳಿತು. ಸರ್ಕಾರ 12ನ್ನು ಕೊಡಲೇ ಇಲ್ಲ. ಉಳಿದ 11ನ್ನು ಅಲ್ಲಲ್ಲಿ ಮರೆಮಾಚಿ ಕೊಟ್ಟಿತು. 2012ರಲ್ಲಿ ನ್ಯಾಯಾಲಯವೂ ಸರ್ಕಾರದ ಪರವಾಗಿಯೇ ತೀರ್ಪಿತ್ತಿತು.

“ನೋಡಿದಿರಾ, ಮೊಹರಿಗೆ ಇನ್ನೂ ಬೆಲೆಯಿದೆ!” ಎಂದು ರಾಯರು ಬೀಗಿದರು.

ಮೇಷ್ಟ್ರು ಮಾತ್ರ ಯೋಚನೆಗೆ ಬಿದ್ದಿದ್ದರು. “ಅಲ್ಲ ವಕೀಲರೇ, ಪೂರ್ತಿ ಪ್ರತಿ ಜಾಲದಲ್ಲಿದೆ, ಮರೆಮಾಚಿದ ಪ್ರತಿ ಸರ್ಕಾರದಿಂದ ಬಂದಿದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ, ಪರೀಕ್ಷೆಗೆ ಮುಖ್ಯವಾದ ಸಾಲುಗಳಿಗೆ ನಾನು ಗುರುತು ಹಾಕಿಕೊಡುವಂತೆ, ಯಾವ ಸಾಲು ನಿಜವಾದ ಗುಟ್ಟೆಂದು ಸರ್ಕಾರವೇ ತೋರಿಸಿಕೊಟ್ಟಂತಾಯಿತಲ್ಲವೇ? ಆ 11 ಸಂದೇಶಗಳು ಯಾವುವೆಂದು ಸ್ವಲ್ಪ ಹೇಳಿ.”

ರಾಯರು ತಟ್ಟನೆ ವಕೀಲರ ಕೈ ಹಿಡಿದು, ಹೇಳಕೂಡದೆಂದು ಕಣ್ಸನ್ನೆ ಮಾಡಿದರು.