ಅಪ್‌ಡೇಟ್: ಆ ಸೇತುವೆ ಸೀನ್ ಕೊನೆಗೂ ದಾಟಿದೆ

ಹೋದ ವಾರ ಕೇಳಿದ್ದೆನಲ್ಲ, ಗೇಮ್‌ನಲ್ಲಿ ಸೇತುವೆ ಕುಸಿಯುವಾಗ ಗುರುತು ಕಂಡ ತಕ್ಷಣ ಬಟನ್ ಒತ್ತಬೇಕು, ಆಮೇಲೆ ಪಟಪಟ ಒತ್ತುತ್ತಲೇ ಇರಬೇಕು, ಏನು ಮಾಡಿದರೂ ಹೀರೋ ಹೊಳೆಗೇ ಬೀಳ್ತಾನೆ ಅಂತ. ದಾಟಿದೆ!

ಕಂಟ್ರೋಲರ್ ಬದಲಾಯಿಸಿ ಅಂದಿದ್ರಿ. ಹೊಸದಕ್ಕಾಗಿ ಹಾಸನದ ಬಿ.ಎಂ. ರಸ್ತೆಯಲ್ಲಿ ಸುಮ್ನೆ ಅಲೆದದ್ದೇ ಬಂತು. ಗೆಳೆಯನದ್ದು ತಂದು ನೋಡಿದರೂ ಅದೇ ಕಥೆ. ತೋರುಬೆರಳಲ್ಲಿ ಒತ್ತಿದ್ದಕ್ಕೆ ಬೆರಳು ನೋವು ಬಂತು, ಅಷ್ಟೇ.

ಕೆಲಸ ಮಾಡಿದ್ದು ಟಿವಿಯ ಗೇಮ್ ಮೋಡ್. ನಮ್ಮ ಟಿವಿ ಚಿತ್ರ ಚಂದ ಮಾಡಲು ಹೋಗಿ ತಡವಾಗಿ ತೋರಿಸುತ್ತಿತ್ತು. ಗುರುತು ನನಗೆ ಕಾಣುವಷ್ಟರಲ್ಲಿ ಗೇಮ್ ಒಳಗೆ ಟೈಮ್ ಓಡಿರುತ್ತಿತ್ತು! ಗೇಮ್ ಮೋಡ್ ಹಾಕಿದ ಮೇಲೆ ಆ ತಡ ಕಮ್ಮಿಯಾಯ್ತು. ಪಟಪಟ ಒತ್ತುವ ಕಾಟಕ್ಕೆ ಗೇಮ್‌ನ ಆಕ್ಸೆಸಿಬಿಲಿಟಿ (ಆಡೋದನ್ನು ಸುಲಭ ಮಾಡುವ) ಸೆಟ್ಟಿಂಗ್ಸ್‌ನಲ್ಲೇ ಮದ್ದಿತ್ತು: ಬಟನ್ ಒತ್ತಿ ಹಿಡಿದರೆ ಸಾಕು. ಇದನ್ನು ಹೇಳಿದವರು ಹಾಸನಕ್ಕೆ ಬಂದರೆ ಫಿಲ್ಟರ್ ಕಾಫಿ ನನ್ನ ಲೆಕ್ಕ.

ಇನ್ನೊಂದು ವಿಷಯ. ಹೀಗೆ ಗುರುತು ಕಂಡ ತಕ್ಷಣ ಬಟನ್ ಒತ್ತಿಸುವ ಸೀನ್‌ಗಿರುವ 'ಕ್ವಿಕ್ ಟೈಮರ್ ಈವೆಂಟ್' ಅನ್ನೋ ಹೆಸರು 1999ರ ಶೆನ್‌ಮೂ ಗೇಮ್‌ನದ್ದಂತೆ. ಕಾಟ ಮಾತ್ರ ಅದಕ್ಕೂ ಹಳೆಯದು, 1983ರ ಡ್ರ್ಯಾಗನ್ಸ್ ಲೇರ್ ಗೇಮ್‌ನಲ್ಲೇ ಇತ್ತು. ನಾನೊಬ್ಬನೇ ಬೈದವನಲ್ಲ ಅಲ್ವಾ!

ಈಗ ಅಮ್ಮನ ದೂರು: ಗೇಮ್ ಮೋಡ್‌ನಲ್ಲಿ ಧಾರಾವಾಹಿ ಬಣ್ಣಗೆಟ್ಟು ಕಾಣುತ್ತಂತೆ. ಆಟ ಮುಗಿದ ಮೇಲೆ ಮೋಡ್ ಬದಲಾಯಿಸಲು ಮರೀಬೇಡಿ.